ಒಣಗದ ಅಂಟು

ನಮ್ಮ ವಿಮಾನ ಕಾರ್ಖಾನೆಯ ರೆಕ್ಕೆ ಶೆಡ್ಡಿನ ಅಂಟು ಹಾಲಿನದು. ಹಾಲು ಒಡೆಸಿ, ಒಣಗಿಸಿ, ಸುಣ್ಣ ಬೆರೆಸಿದ ಪುಡಿ ಚೀಲಗಳಲ್ಲಿ ಬರುತ್ತಿತ್ತು. ಸಾವಿರದ ಒಂಬೈನೂರ ಮೂವತ್ತೆರಡರ ಆ ವರ್ಷ ರಷ್ಯಾದ ವೋಲ್ಗಾ ದಡದ ನಮ್ಮ ಊರಿನಲ್ಲಿ ಹಾಲು ಕಂಡವರೇ ಕಡಿಮೆ. ಹಸಿವು ತಾಳದೆ ಆ ಪುಡಿ ತಿಂದವರು ಬಾಯಿ ಸುಟ್ಟುಕೊಂಡರು. ನಾನೂ ಒಮ್ಮೆ ನಾಲಿಗೆಗೆ ಹಚ್ಚಿ ನೋಡಿದೆ. ಎರಡು ದಿನ ಎಲೆಕೋಸಿನ ಸಾರೂ ಗಂಟಲಲ್ಲಿ ಇಳಿಯಲಿಲ್ಲ.

ನಾನು ಪೆಲಗೇಯಾ. ಎಲ್ಲರಿಗೂ ಪಲಾಶಾ. ವಿಮಾನದ ರೆಕ್ಕೆಗೆ ಬಟ್ಟೆ ಹೊಲಿಯುವವಳು. ರೆಕ್ಕೆ ನಮ್ಮ ಮೇಜಿಗೆ ಬರುವ ಮುಂಚೆ ಅದರ ಮರದ ಕೆಲಸ ಹಿರಿಯ ಬಡಗಿ ಯೆವ್ದೋಕಿಮನದು; ನಮಗೆಲ್ಲ ಅವನು ಮಾವ. ಮರದ ಪಟ್ಟಿಗೆ ಪಟ್ಟಿ ಅಂಟಿಸಿ, ಅವನ್ನು ಒತ್ತಿ ಹಿಡಿಯುವ ಕಬ್ಬಿಣದ ಇಕ್ಕಳ ಬಿಗಿದು, ಬೆಚ್ಚಗಿನ ಕೋಣೆಯಲ್ಲಿ ಪೂರಾ ಒಂದು ದಿನ ಬಿಡಬೇಕು. ಆಗಲೇ ಅಂಟು ಹಿಡಿಯುವುದು.

ಅಕ್ಟೋಬರ್ ಮುಗಿಯುತ್ತ ಬಂದರೂ ಕಲ್ಲಿದ್ದಲು ಬರಲಿಲ್ಲ. ಅಂಟಿನ ಕೋಣೆಯಲ್ಲಿ ನಮ್ಮ ಉಸಿರು ಹೊಗೆಯಾಗಿ ಕಾಣುತ್ತಿತ್ತು. ನವೆಂಬರ್ ಏಳರ ಕ್ರಾಂತಿಯ ಹಬ್ಬಕ್ಕೆ ಹನ್ನೆರಡು ವಿಮಾನ ಹಾರಿಸುತ್ತೇವೆಂದು ಕಾರ್ಖಾನೆಯ ಮುಖ್ಯಸ್ಥ ಕುರ್ದ್ಯೂಮೊವ್ ಮಾಸ್ಕೋಗೆ ತಂತಿ ಕೊಟ್ಟಾಗಿತ್ತು. ಸಿದ್ಧವಿದ್ದದ್ದು ಎಂಟು. ಒಂದು ದಿನ ಅವನೇ ಶೆಡ್ಡಿಗೆ ಬಂದ.

"ಆರು ತಾಸು ಸಾಕು. ಆಮೇಲೆ ಇಕ್ಕಳ ಬಿಚ್ಚಿ."

"ಈ ಚಳೀಲಿ ಎರಡು ದಿನ ಬಿಟ್ರೂ ಸಾಲ್ದು ಕಾಮ್ರೇಡ್," ಎಂದ ಯೆವ್ದೋಕಿಮ್. "ಮೇಲೆ ಒಣಗಿರುತ್ತೆ, ಒಳಗೆ ಗಂಜಿ ಥರ ಇರುತ್ತೆ."

"ನಿನ್ನ ಕೇಳಿದ್ನಾ?"

"ಕೇಳ್ಲಿಲ್ಲ. ಅದಕ್ಕೇ ನಾನಾಗಿ ಹೇಳ್ತಿದೀನಿ."

ಹಿಂದೆ ಯಾರೋ ನಕ್ಕರು. ಕುರ್ದ್ಯೂಮೊವನ ಕಿವಿ ಕೆಂಪಾಯಿತು.

"ನಿಮ್ಮಪ್ಪ ಚರ್ಚಿಗೆ ಬಾಗಿಲು ಮಾಡ್ತಿದ್ದೋನು ತಾನೇ?"

"ಹೌದು. ಆ ಬಾಗಿಲು ಇನ್ನೂ ಬಿದ್ದಿಲ್ಲ."

ಚರ್ಚಿನ ನಂಟು ಆಗ ಅಪರಾಧದ ಹಾಗೆ. ಮರುದಿನ ಯೆವ್ದೋಕಿಮನನ್ನು ಮರದ ದಿಮ್ಮಿ ಹೊರಲು ಅಂಗಳಕ್ಕೆ ಅಟ್ಟಿದರು. ಅವನ ರೊಟ್ಟಿಯ ಪಾಲು ಅರ್ಧಕ್ಕೆ ಇಳಿಯಿತು. ಇಕ್ಕಳ ಬಿಚ್ಚಲು ಕೈ ಸಾಲದೆ ಹೊಲಿಗೆಯ ಹೆಂಗಸರನ್ನೂ ಕರೆದರು. ನಾನು ನಾಲ್ಕು ಬಿಚ್ಚಿದೆ. ಹೆಬ್ಬೆರಳಿಗೆ ಅಂಟು ಹಸಿಹಸಿಯಾಗಿ ಮೆತ್ತಿಕೊಂಡಿತು. ಪಕ್ಕದ ಮೇಜಿನ ಮಾವ್ರಾಳ ಮುಖ ನೋಡಿದೆ. ಅವಳು ನೆಲ ನೋಡಿದಳು. ಇಬ್ಬರೂ ಅದರ ಮೇಲೆ ಬಟ್ಟೆ ಹೊಲಿದೆವು. ಬಟ್ಟೆ ಹೊಲಿದು ಬಣ್ಣ ಬಳಿದ ಮೇಲೆ ಒಳಗಿನದು ಯಾರಿಗೂ ಕಾಣುವುದಿಲ್ಲ. ತಪಾಸಣೆಯವನ ಮೊಹರೂ ಬಿತ್ತು.

ನವೆಂಬರ್ ನಾಲ್ಕರ ಬೆಳಿಗ್ಗೆ ಪೈಲಟ್ ಆರ್ಸೇನಿ ಲುಚ್ಕೊ ಆ ರೆಕ್ಕೆ ಹಾಕಿದ ವಿಮಾನ ಹಾರಿಸಿ ನೋಡಲು ಬಂದ. ಎಳೆ ಮೀಸೆಯ ಆಸಾಮಿ. ಹತ್ತುವ ಮುಂಚೆ ರೆಕ್ಕೆಯ ಮೇಲೆ ಕೈಯಾಡಿಸಿ, ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದ.

"ಏನಕ್ಕಾ, ಗಟ್ಟಿಯಾಗಿದ್ಯಾ?"

ಕುರ್ದ್ಯೂಮೊವ್ ನಾಲ್ಕು ಹೆಜ್ಜೆ ಆಚೆ ನಿಂತಿದ್ದ.

"ಹೊಲಿಗೆ ಗಟ್ಟಿಯಾಗಿದೆ," ಎಂದೆ.

"ಬಿಚ್ಕೊಂಡ್ರೆ ನಿನ್ನೇ ಬಂದು ಕೇಳ್ತೀನಿ ನೋಡು," ಎಂದು ನಕ್ಕು ಹತ್ತಿದ.

ಒಂದು ಸುತ್ತು ಹಾಕಿದ. ಎರಡನೆಯದೂ ಆಯಿತು. ಮೂರನೆಯ ಸಲ ನದಿಯ ಕಡೆಗೆ ಮೆಲ್ಲಗೆ ತಿರುಗಿಸಿದ. ಟಕ್ ಎಂದಿತು. ಬಟ್ಟೆ ಹರಿದ ಸದ್ದಲ್ಲ, ಮರದ ಸದ್ದು. ಎಡರೆಕ್ಕೆ ಮೇಲಕ್ಕೆ ಮಡಚಿಕೊಂಡಿತು. ವಿಮಾನ ಆಲೂಗಡ್ಡೆ ಹೊಲದಲ್ಲಿ ಬಿತ್ತು.

ಎಲ್ಲರೂ ಓಡಿದೆವು. ಆರ್ಸೇನಿಯ ಮುಖದ ಮೇಲೆ ಯಾರೋ ತಮ್ಮ ಕೋಟು ಹೊದಿಸಿದರು. ಯೆವ್ದೋಕಿಮ್ ಮಾವ ರೆಕ್ಕೆಯ ತೊಲೆ ಎತ್ತಿ ಹಿಡಿದ. ಪಟ್ಟಿಗಳು ಪುಸ್ತಕದ ಹಾಳೆಗಳ ಹಾಗೆ ಬೇರೆಯಾಗಿದ್ದವು. ನಡುವೆ ಬೆಳ್ಳಗೆ ಅಂಟು.

"ಮರ ಮುರ್ದಿಲ್ಲ ನೋಡ್ರೋ. ಬಿಟ್ಕೊಂಡಿದೆ."

"ಮುಟ್ಬೇಡ! ಕೆಳಗಿಡು!" ಎಂದು ಕುರ್ದ್ಯೂಮೊವ್ ಕಿರುಚಿದ.

ಹಬ್ಬ ಕಳೆದ ಮೇಲೆ ಕಾರ್ಖಾನೆಯ ಊಟದ ಮನೆಯಲ್ಲಿ ಸಭೆ ಕರೆದರು. ಮಾಸ್ಕೋದಿಂದ ಬಂದ ಮೂವರು ತನಿಖೆಯವರು ಮೇಜಿನ ಹಿಂದೆ ಕೂತಿದ್ದರು. ಕುರ್ದ್ಯೂಮೊವ್ ಕಾಗದ ನೋಡಿ ಓದಿದ: ಚರ್ಚಿನ ಬಡಗಿಯ ಮಗ ಯೆವ್ದೋಕಿಮ್ ಬೇಕೆಂದೇ ಅಂಟು ಕೆಡಿಸಿದ್ದಾನೆ, ಅವನು ಜನರ ಶತ್ರು.

"ಒಪ್ಪೋರು ಕೈಯೆತ್ತಿ."

ಕೈಗಳು ಒಂದೊಂದಾಗಿ ಏಳತೊಡಗಿದವು. ನನ್ನ ಕೈ ಏಳಲಿಲ್ಲ. ನಾನೇ ಎದ್ದೆ.

"ಅವತ್ತು ಅವ್ನು ಅಂಗಳದಲ್ಲಿ ದಿಮ್ಮಿ ಹೊರ್ತಿದ್ದ. ಇಕ್ಕಳ ಬಿಚ್ಚಿದ್ದು ನಾನು."

"ಕೂತ್ಕೊಳ್ಳೇ!" ಎಂದು ಕುರ್ದ್ಯೂಮೊವ್ ಗದರಿದ.

"ಕೂರಲ್ಲ. ಬಿಚ್ಚು ಅಂದೋರು ನೀವು."

ಎರಡು ಬೆಂಚು ಹಿಂದಿನಿಂದ ಮಾವ್ರಾಳ ದನಿ ಬಂತು. "ನಾನೂ ಬಿಚ್ಚಿದೆ." ಬಡಗಿಗಳ ಸಾಲಿನಿಂದ ಇನ್ನೊಂದು: "ನಾನೂನೂ." ಎದ್ದ ಕೈಗಳು ಇಳಿದವು. ತನಿಖೆಯ ಹಿರಿಯ ಫೈಲು ಮುಚ್ಚಿದ.

ಗೆದ್ದೆವು ಅಂದುಕೊಂಡೆವು. ಯೆವ್ದೋಕಿಮನನ್ನು ಯಾರೂ ಮುಟ್ಟಲಿಲ್ಲ. ವಾರದ ಮೇಲೆ ಸೂಚನಾ ಫಲಕದಲ್ಲಿ ತನಿಖೆಯ ತೀರ್ಮಾನ ಅಂಟಿಸಿದರು: ಪೈಲಟ್ ನಿಯಮ ಮೀರಿ ಹುಚ್ಚಾಪಟ್ಟೆ ತಿರುಗಿಸಿದ, ತಪ್ಪು ಅವನದೇ. ಬದುಕಿದ್ದವನನ್ನು ಬಿಟ್ಟು ಸತ್ತವನ ತಲೆಗೆ ಕಟ್ಟಿದ್ದರು. ಅವನ ಹೆಂಡತಿಗೆ ಪಿಂಚಣಿಯೂ ಇಲ್ಲ.

ಅವಳು ಉಸ್ತೀನ್ಯಾ. ಕೆಲಸ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತಿದ್ದಳು.

"ನೀವು ಕಣ್ಣಾರೆ ನೋಡಿದೀರಿ. ಅವ್ನು ಹುಚ್ಚುಚ್ಚಾಗಿ ಹಾರಿಸಿದ್ನಾ?"

"ಇಲ್ಲಮ್ಮ," ಎಂದ ಯೆವ್ದೋಕಿಮ್.

ಅವಳ ಗಂಡ ನನ್ನನ್ನು ಕೇಳಿದ್ದನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳಿಬಿಟ್ಟೆ. ಹೊಡೆಯುತ್ತಾಳೆ ಅಂದುಕೊಂಡೆ. ಅವಳು ನನ್ನ ತೋಳು ಹಿಡಿದಳು.

"ಇದನ್ನ ಬರ್ದು ಕೊಡ್ತೀಯಾ?"

ಬರೆದೆವು. ಹತ್ತೊಂಬತ್ತು ಜನ ಸಹಿ ಹಾಕಿದೆವು. ಅವಳು ಆ ಕಾಗದ ಹಿಡಿದು ಮಾಸ್ಕೋಗೆ ರೈಲು ಹತ್ತಿದಳು. ಅದೇ ವಾರ ಶೆಡ್ಡಿನಲ್ಲಿ ಮತ್ತೆ ಆರು ತಾಸಿನ ಆಜ್ಞೆ ಬಂತು. ಒಬ್ಬರೂ ಇಕ್ಕಳಕ್ಕೆ ಕೈ ಹಾಕಲಿಲ್ಲ. ಕುರ್ದ್ಯೂಮೊವ್ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಹೋದ.

ತಿಂಗಳ ಮೇಲೆ, ಒಂದು ಸೋಮವಾರದಿಂದ, ಸಹಿ ಹಾಕಿದವರನ್ನು ಒಬ್ಬೊಬ್ಬರಾಗಿ ಕಚೇರಿಗೆ ಕರೆಯತೊಡಗಿದರು. ಮೊದಲು ಯೆವ್ದೋಕಿಮ್ ಹೋದ. ಬುಧವಾರ ಮಾವ್ರಾ ಹೋಗಿ ಬಂದು ಮೇಜಿನ ಮೇಲೆ ತಲೆಯಿಟ್ಟಳು.

"ಹೆಸ್ರು ಹೊಡ್ದುಹಾಕು ಅಂತಾರೆ ಪಲಾಶಾ. ಹೊಡ್ದುಹಾಕ್ದೆ. ಮೂರು ಮಕ್ಳು ನಂಗೆ."

ಅವಳ ಬೆನ್ನು ಸವರಿದೆ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಕುರ್ದ್ಯೂಮೊವನ ಮೇಜಿನ ಮೇಲೆ ಇದ್ದದ್ದು ನಮ್ಮದೇ ಕಾಗದ. ಮಾಸ್ಕೋಗೆ ಹೋದ ದೂರು ಯಾರ ಮೇಲಿತ್ತೋ ಅವನ ಕೈಗೇ ವಾಪಸು ಬಂದಿತ್ತು. ಏಳು ಹೆಸರುಗಳ ಮೇಲೆ ಗೆರೆ ಬಿದ್ದಿತ್ತು. ಯೆವ್ದೋಕಿಮ್ ಮಾವನ ಹೆಸರಿನ ಮೇಲೆ ಗೆರೆ ಇರಲಿಲ್ಲ. ಅವನು ಸೋಮವಾರದಿಂದ ತನ್ನ ಮನೆಗೂ ಹೋಗಿರಲಿಲ್ಲ.

"ಒಂದು ಗೆರೆ ಎಳಿ, ಹೋಗಿ ಕೆಲ್ಸ ನೋಡ್ಕೋ," ಎಂದು ಪೆನ್ನು ನನ್ನತ್ತ ತಳ್ಳಿದ.

ಪೆನ್ನು ತೆಗೆದುಕೊಂಡೆ. ನನ್ನ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ದಪ್ಪಗೆ ಬರೆದೆ: 'ಇಕ್ಕಳ ಬಿಚ್ಚಿಸಿದವನು ಕುರ್ದ್ಯೂಮೊವ್.' ಅವನು ಕಾಗದ ಎಳೆದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆದಿದ್ದೆ.

ಹೊರಗಿನ ಬೆಂಚಿನಲ್ಲಿ ಹತ್ತು ಜನ ತಮ್ಮ ಸರದಿಗೆ ಕಾಯುತ್ತಿದ್ದರು. ಎಲ್ಲರ ಕಣ್ಣೂ ನನ್ನ ಮೇಲೆ.

"ನಮ್ಮ ಕಾಗದ ಒಳಗಿದೆ," ಎಂದೆ, ಒಳಗಿನವನಿಗೂ ಕೇಳುವ ಹಾಗೆ. "ಬರಿಯೋಕೆ ಇನ್ನೂ ಜಾಗ ಇದೆ."