ಎರಡು ಇಂಚು ಕಡಿಮೆ

ಬೀದಿಗೆಲ್ಲ ಚಿಕ್ಕಮ್ಮನಾದ ಆ ದರ್ಜಿ ಹೆಂಗಸಿನ ಅಂಗಡಿಗೆ ಮದುವೆ ಬಟ್ಟೆ ಹೊಲಿಸಲು ಬರುವ ತಾಯಂದಿರದು ಒಂದೇ ಮಾತು: "ಎರಡು ಇಂಚು ಕಡಿಮೆ ಇಟ್ಟು ಹೊಲೀರಿ. ಮದುವೆ ಹೊತ್ತಿಗೆ ಇಳೀತಾಳೆ." ಮೈಗೆ ತಕ್ಕ ಬಟ್ಟೆ ಹೊಲಿಯುವುದು ಬಿಟ್ಟು ಬಟ್ಟೆಗೆ ತಕ್ಕ ಮೈ ಮಾಡಿಸುವ ಈ ಪದ್ಧತಿಯನ್ನು ಯಾವ ಪುಣ್ಯಾತ್ಮರು ತಂದರೋ! ಇಪ್ಪತ್ತು ವರ್ಷ ಚಿಕ್ಕಮ್ಮನೂ ತುಟಿಪಿಟಿಕ್ಕೆನ್ನದೆ ಹೊಲಿದುಕೊಟ್ಟಳು. ತನ್ನ ಅಕ್ಕನ ಮಗಳ ಮದುವೆಗೂ ಹಾಗೆಯೇ ಹೊಲಿದಳು.

ಆ ಹುಡುಗಿಗೆ ಮನೆಯಲ್ಲಿ ಡುಮ್ಮಿ ಎಂದೇ ಹೆಸರು. ದಪ್ಪಗೇನೂ ಇರಲಿಲ್ಲ, ಕೆನ್ನೆ ತುಂಬಿಕೊಂಡಿತ್ತು, ಅಷ್ಟೇ. ನೋಡಲು ಬಂದ ಗಂಡಿನ ತಾಯಿ ಹೊರಡುವಾಗ "ಹುಡುಗಿ ಲಕ್ಷಣವಾಗಿದ್ದಾಳೆ, ಒಂಚೂರು ಇಳಿದ್ರೆ ಇನ್ನೂ ಚೆಂದ" ಅಂದರು. ಅಕ್ಕನ ಅತ್ತೆಗೆ ಅದೇ ವೇದವಾಕ್ಯವಾಯಿತು. ಮದುವೆಗೆ ಇನ್ನೂ ಆರು ತಿಂಗಳಿತ್ತು. ಅಂದಿನಿಂದ ಮೊಮ್ಮಗಳ ತಟ್ಟೆಯ ಮೇಲೆ ಅಜ್ಜಿಯ ಕಣ್ಣು. "ಇನ್ನೊಂದು ತುತ್ತಾ? ಬಾಗಿಲು ಅಗಲ ಮಾಡಿಸ್ಬೇಕಾಗುತ್ತೆ ಕಣೇ." ಎಲ್ಲರೂ ನಗುತ್ತಿದ್ದರು. ಡುಮ್ಮಿಯೂ ನಗುತ್ತಿದ್ದಳು.

ಮೊದಲ ಸಲ ತೊಟ್ಟು ನೋಡಿದಾಗ ಬಟ್ಟೆ ಬಿಗಿಯಾಯಿತು. ಎರಡನೆಯ ಸಲ ಸರಿಹೋಯಿತು. ಮನೆಮಂದಿಯೆಲ್ಲ ಹೊಗಳಿದ್ದೇ ಹೊಗಳಿದ್ದು. ಮೂರನೆಯ ಸಲ ಸಡಿಲವಾಯಿತು, ಚಿಕ್ಕಮ್ಮ ಹಿಡಿದು ಹೊಲಿದಳು. ನಾಲ್ಕನೆಯ ಸಲ ಪಿನ್ನು ಚುಚ್ಚಲು ಹೋದರೆ ಬೆನ್ನುಮೂಳೆಯ ಒಂದೊಂದು ಗಂಟನ್ನೂ ಎಣಿಸಬಹುದಿತ್ತು. ತೋಳಿನ ಮೇಲೆ ಎಳೆಗೂಸಿನ ಹಾಗೆ ನವಿರು ಕೂದಲು. ಬೆರಳ ಗೆಣ್ಣಿನ ಮೇಲೆ ಹಲ್ಲು ತಾಗಿದ ಗಾಯ.

"ಇದೇನೇ?"

"ಏನಿಲ್ಲ ಚಿಕ್ಕಮ್ಮ. ಜಾಸ್ತಿ ತಿಂದ್ಬಿಟ್ರೆ ಬೆರಳು ಹಾಕಿ ವಾಂತಿ ಮಾಡ್ಕೋತೀನಿ. ಹೊಟ್ಟೆ ನೋಡು, ಇನ್ನೂ ಎಷ್ಟಿದೆ."

ಹೊಟ್ಟೆ ಬೆನ್ನಿಗಂಟಿತ್ತು. ಹಾಗೆಂದವಳು ಅಲ್ಲೇ ಕುಸಿದಳು. ಮುಟ್ಟು ನಿಂತು ನಾಲ್ಕು ತಿಂಗಳಾಗಿದ್ದುದು ಆಸ್ಪತ್ರೆಗೆ ಹೊತ್ತೊಯ್ದ ಮೇಲೆ ಗೊತ್ತಾಯಿತು. ಅಕ್ಕನೂ ಅಜ್ಜಿಯೂ ಓಡಿ ಬಂದರು.

"ಇದು ಹಠ ಅಲ್ಲ, ಶೋಕಿನೂ ಅಲ್ಲ. ಕಾಯಿಲೆ," ಅಂದರು ಡಾಕ್ಟರಮ್ಮ. "ಕನ್ನಡಿಯಲ್ಲಿ ಅವಳಿಗೆ ಕಾಣೋದೇ ಬೇರೆ. ಹೃದಯ ನಿಧಾನ ಆಗಿದೆ, ಇವತ್ತೇ ಅಡ್ಮಿಟ್ ಆಗ್ಬೇಕು. ಊಟಾನ ಸ್ವಲ್ಪಸ್ವಲ್ಪವಾಗಿ ನಮ್ಮ ಕಣ್ಣೆದುರಿಗೇ ಶುರು ಮಾಡ್ತೀವಿ. ಮನಸ್ಸಿನ ಡಾಕ್ಟರೂ ನೋಡ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತೆ."

"ಮನಸ್ಸಿನ ಡಾಕ್ಟರಾ?" ಅಜ್ಜಿ ಸಿಡುಕಿದರು. "ಹುಚ್ಚು ಅಂತ ಸುದ್ದಿಯಾದ್ರೆ ಮದುವೆ ನಿಲ್ಲುತ್ತೆ. ಇನ್ನು ಮೂರೇ ವಾರ. ಮುಗಿದ ಮೇಲೆ ತಿಂದ್ಕೊಂಡು ಸರಿಹೋಗ್ತಾಳೆ. ನಾವೂ ಇಳಿದವರೇ. ಯಾರು ಸತ್ರು?"

"ಸತ್ತವರು ಬಂದು ಹೇಳ್ತಾರಾ?" ಅಂದಳು ಚಿಕ್ಕಮ್ಮ.

"ಹಾಗಾದ್ರೆ ತಪ್ಪೆಲ್ಲ ನಮ್ಮದಾ?" ಅಂದರು ಅಜ್ಜಿ.

"ಬೀಜ ಅವಳೊಳಗೇ ಇದ್ದಿರಬಹುದು," ಅಂದರು ಡಾಕ್ಟರಮ್ಮ. "ನೀರು ಹಾಕಿದ್ದು ಯಾರು ಅಂತ ನೀವೇ ಹೇಳಿ."

ಚಿಕ್ಕಮ್ಮನಿಗೆ ಸಿಟ್ಟು ನೆತ್ತಿಗೇರಿತು. ಮುದುಕಿಯ ಮೇಲಷ್ಟೇ ಅಲ್ಲ, ತನ್ನ ಮೇಲೂ. ಮಗು ಕರಗುತ್ತಿದ್ದುದು ಎಲ್ಲರಿಗಿಂತ ಮೊದಲು ತಿಳಿದದ್ದು ಅಳತೆ ತೆಗೆಯುವ ಅವಳ ಕೈಗೆ. ಆ ಕೈ ಬಟ್ಟೆ ಹಿಡಿದು ಹೊಲಿದು ಸುಮ್ಮನಾಗಿತ್ತು. ಅಲ್ಲೇ ನಿಂತು ಗಂಡಿನ ಮನೆಗೆ ಫೋನು ಮಾಡಿ, ಮದುವೆ ಈಗ ಆಗದು, ಹುಡುಗಿ ಊಟ ಬಿಟ್ಟು ಸಾಯುವ ಹಾಗಾಗಿದ್ದಾಳೆ ಎಂದಳು.

"ನಾವು ಊಟ ಬಿಡು ಅಂದಿದ್ವಾ? ಒಂಚೂರು ಇಳಿದ್ರೆ ಚೆಂದ ಅಂದೆ, ಅಷ್ಟೆ," ಅಂದರು ಗಂಡಿನ ತಾಯಿ.

"ಹೌದಮ್ಮ. ನೀವು ಒಂಚೂರು ಅಂದ್ರಿ, ಇವರು ಒಂದು ತುತ್ತು ಅಂದ್ರು, ನಾನು ಎರಡು ಇಂಚು ಅಂದೆ. ಎಲ್ಲ ಕಳೆದು ನೋಡಿ, ಹುಡುಗಿ ಎಷ್ಟು ಉಳಿದ್ಲು?"

ಅಜ್ಜಿ ಎದ್ದು ಮೊಮ್ಮಗಳ ಕೈ ಹಿಡಿದೆಳೆದರು. "ಏಳು, ಮನೆಗೆ ಹೋಗೋಣ."

ಅಕ್ಕ ಅಡ್ಡ ನಿಂತಳು. ಇಪ್ಪತ್ತೆರಡು ವರ್ಷದಲ್ಲಿ ಅತ್ತೆಗೆ ಎದುರು ಮಾತಾಡಿದವಳಲ್ಲ.

"ಅತ್ತೆ, ನೀವು ಹೋಗಿ. ಇವಳು ಬರಲ್ಲ."

ಅಡ್ಮಿಟ್ ಆಗಲು ರುಜು ಹಾಕಬೇಕೆಂದು ಡಾಕ್ಟರಮ್ಮ ಕೊಟ್ಟ ಒಪ್ಪಿಗೆ ಕಾಗದವನ್ನು ಅವಳೇ ಮಗಳಿಗೆ ಓದಿ ಹೇಳಿದಳು.

"ಇಲ್ಲಿ ಉಳಿದ್ರೆ ದಪ್ಪ ಆಗ್ತೀನಲ್ಲಮ್ಮ," ಅಂದಳು ಹುಡುಗಿ.

"ಆಗು ಕಂದ. ನನಗೆ ನೀನು ಬೇಕು."

ಹುಡುಗಿ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಪೆನ್ನು ಕೇಳಿದಳು.