ನೆರೆಮನೆಯ ವಿನೆಗರ್

ಕೊಲ್ಲಿ ನಾಡಿನ ಮುರಕ್ಕಬಾತ್ ಬಡಾವಣೆಯ ಮೋಹನದಾಸನಿಗೆ ಬಾರದ ಭಾಷೆಯಿರಲಿಲ್ಲ. ತುಳು, ಕನ್ನಡ, ಹಿಂದಿ, ಸಲಾಂ ಹೇಳಿ ಕುಶಲ ವಿಚಾರಿಸುವಷ್ಟು ಅರಬ್ಬಿ. ‘ಇಲ್ಲ’ ಎಂಬ ಒಂದು ಮಾತು ಮಾತ್ರ ಅವನ ಬಾಯಿಗೆ ಬರುತ್ತಿರಲಿಲ್ಲ. ಯಾವುದೋ ರಾಕ್ಷಸ ಅದನ್ನು ಅವನ ನಾಲಿಗೆಯಿಂದ ಕಿತ್ತು, ಏಳು ಸಮುದ್ರದಾಚೆಯ ಗಿಳಿಯ ಹೊಟ್ಟೆಯಲ್ಲಿ ಬಚ್ಚಿಟ್ಟಿರಬೇಕೆಂದು ಹೆಂಡತಿ ಹರಿಣಾಕ್ಷಿಗೆ ಅನಿಸುತ್ತಿತ್ತು. ಊರವರೆಲ್ಲ ಅವನನ್ನು ಚಿನ್ನದಂಥ ಮನುಷ್ಯ ಎನ್ನುತ್ತಿದ್ದರು. ಅವಳಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ. ಆ ಗುರುವಾರ ಸಂಜೆಯವರೆಗೆ.

ಮಾರನೆಯ ದಿನ ಅಬುಧಾಬಿಯಲ್ಲಿ ತಂಗಿ ಯಶ್ಮಿತಾಳ ಮಗುವಿಗೆ ನಾಮಕರಣ. ಹರಿಣಾಕ್ಷಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿ ವಾರವೂ ಆಗಿರಲಿಲ್ಲ. ಅವಳು ಪರೀಕ್ಷೆಯಲ್ಲಿ ಫೇಲಾದಾಗಲೆಲ್ಲ ತಂಗಿ ಫೋನ್ ಮಾಡಿ, “ಅಕ್ಕಾ, ಒಂಟೆಗೆ ಲೈಸೆನ್ಸ್ ಬೇಡವಂತೆ, ನೋಡು ಒಮ್ಮೆ” ಎಂದು ಕಿಚಾಯಿಸುತ್ತಿದ್ದಳು. ಫೇಲಾದದ್ದಾದರೂ ಯಾಕೆ? ರೌಂಡಬೌಟಿನಲ್ಲಿ ಹರಿಣಾಕ್ಷಿ ಎಲ್ಲರಿಗೂ ದಾರಿ ಬಿಡುತ್ತಿದ್ದಳು. ಬಂದವರಿಗೆ, ಬರುತ್ತಿರುವವರಿಗೆ, ದೂರದಲ್ಲಿ ಬರಬಹುದೆಂದು ಕಾಣುವವರಿಗೂ. “ಮೇಡಂ, ಇಲ್ಲೇ ಮನೆ ಕಟ್ಟಿಕೊಳ್ಳಿ” ಎಂದಿದ್ದರು ಪರೀಕ್ಷಕರು. ನಾಳೆ ಮಾತ್ರ ಸ್ಟೇರಿಂಗ್ ತಾನೇ ಹಿಡಿದು ತಂಗಿಯ ಬಾಗಿಲಲ್ಲಿ ಇಳಿಯಬೇಕು. ಇಸ್ತ್ರಿ ಮಾಡಿದ ಸೀರೆಯೂ ಅದಕ್ಕೇ ಕಾದು ಕುಳಿತಂತಿತ್ತು.

ಅಷ್ಟರಲ್ಲಿ ಮೋಹನದಾಸನಿಗೆ ಗೆಳೆಯ ರೋಷನನ ಫೋನು.

“ನಾಳೆಗೆ ಕಾರಾ? ಕೊಡುವ ಮಾರಾಯ, ಅದಕ್ಕೇನು!”

ಹರಿಣಾಕ್ಷಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. “ಎಂತ ಮಾರ್ರೆ ನಿಮ್ಮದು? ನಾಳೆ ಕಾರು ನನಗೆ ಅಂತ ತಿಂಗಳಿಂದ ಹೇಳ್ತಾ ಇದ್ದೇನೆ!”

“ನಮ್ಮದಲ್ಲ ಮಾರಾಯ್ತಿ. ಸತ್ವಾದ ಸಲಾಮನ ಹತ್ರ ಕೇಳಿ ಕೊಡುದು.”

ಅಬ್ದುಲ್ ಸಲಾಮನಿಗೆ ಸತ್ವಾದಲ್ಲಿ ಬಟ್ಟೆಯಂಗಡಿ. ಮೋಹನದಾಸ ಬಾಲ್ಕನಿಗೆ ಹೋಗಿ ಅವನಿಗೆ ಫೋನು ಹಚ್ಚಿದ. ಅತ್ತಲಿಂದ “ಆಯ್ತು ಮೋಹನಣ್ಣ, ನೀವು ಕೇಳಿದ ಮೇಲೆ ಮತ್ತೆ ಮಾತುಂಟಾ!” ಎಂದದ್ದು ಅಡುಗೆಮನೆಗೂ ಕೇಳಿಸಿತು. ಗಂಡ ಗೆದ್ದ ಮುಖ ಮಾಡಿ ಬಂದು ಕುಳಿತ.

ಹರಿಣಾಕ್ಷಿಗೆ ಶೆನ್ ಮೇಡಂ ನೆನಪಾದರು. ಅಲ್ ಬರ್ಷಾದ ಟೈಲ್ಸ್ ಕಂಪನಿಯ ಆಫೀಸಿನಲ್ಲಿ ಪಕ್ಕದ ಮೇಜಿನವರು, ಚೀನಾದವರು. ಊಟದ ಹೊತ್ತಿಗೆ ಇವಳು ಅಜ್ಜಿ ಹೇಳಿದ ಕತೆ ಹೇಳಿದರೆ, ಅವರು ತಮ್ಮ ಕನ್‌ಫ್ಯೂಶಿಯಸ್ ಗುರುವಿನ ಕತೆ ಹೇಳುವರು.

“ಇವರೇ, ಒಂದು ಕತೆ ಕೇಳಿ. ಹಿಂದೆ ಚೀನಾದಲ್ಲಿ ಒಬ್ಬ ಇದ್ದನಂತೆ, ಮಹಾ ಪ್ರಾಮಾಣಿಕ ಅಂತ ಹೆಸರು. ಯಾರೋ ಬಂದು ಸ್ವಲ್ಪ ವಿನೆಗರ್ ಕೇಳಿದ್ರಂತೆ. ಇವನ ಮನೆಯಲ್ಲಿ ಇರ್ಲಿಲ್ಲ. ಅದನ್ನು ಬಾಯಿ ಬಿಟ್ಟು ಹೇಳುದು ಬಿಟ್ಟು ನೆರೆಮನೆಗೆ ಓಡಿದ, ಬೇಡಿ ತಂದ, ತನ್ನದೇ ಅಂತ ಕೊಟ್ಟ. ಗುರುಗಳು, ಇವನನ್ನು ಪ್ರಾಮಾಣಿಕ ಅಂದದ್ದು ಯಾರು ಅಂತ ಕೇಳಿದ್ರಂತೆ.”

“ಯಾಕೆ? ಉಪಕಾರವೇ ಅಲ್ವಾ ಮಾಡಿದ್ದು?”

“ಸಲಾಮನ ಕಾರಲ್ಲಿ ನಿಮ್ಮ ಉಪಕಾರವಾ?”

“ಆ ಗುರುಗಳಿಗೆ ನಮ್ಮ ಊರಿನವರ ಪರಿಚಯ ಎಲ್ಲುಂಟು?” ಎಂದು ಮೋಹನದಾಸ ಟಿವಿಯ ಸದ್ದು ಏರಿಸಿದ.

ಸಾರು ಕುದಿಯುವಷ್ಟರಲ್ಲಿ ಹರಿಣಾಕ್ಷಿಯ ಫೋನು ಬಡಿದುಕೊಂಡಿತು. ಸಲಾಮನ ಹೆಂಡತಿ ಖೈರುನ್ನಿಸ.

“ಹರಿಣಕ್ಕಾ, ಹೇಳ್ಲಿಕ್ಕೇ ನಾಚಿಕೆ ಆಗ್ತದೆ. ನಮ್ಮ ಕಾರು ಗ್ಯಾರೇಜಲ್ಲಿ ಇಂಜಿನ್ ಬಿಚ್ಚಿ ಕೂತಿದೆ. ಇವರ ಹತ್ರ ಯಾರೋ ನಾಳೆಗೆ ಕಾರು ಕೇಳಿದ್ರಂತೆ, ಇವರು ಹೂಂ ಅಂದ್ರಂತೆ! ಈಗ ಸೋಫಾದಲ್ಲಿ ತಲೆಗೆ ಕೈಕೊಟ್ಟು ಕೂತಿದ್ದಾರೆ. ನಿಮ್ಮ ಕಾರು ಒಂದು ದಿನಕ್ಕೆ ಸಿಗಬಹುದಾ?”

ಹರಿಣಾಕ್ಷಿಗೆ ನಗು ಉಕ್ಕಿತು. ಆದರೆ ಕಳೆದ ವರ್ಷ ತಾನು ಜ್ವರದಲ್ಲಿ ಮಲಗಿದ್ದಾಗ ಸತ್ವಾದಿಂದ ಬಸ್ಸು ಹತ್ತಿ ಬಂದು ಗಂಜಿ ಕುಡಿಸಿದವಳು ಇವಳೇ. ‘ಕೊಡುವ ಖೈರೂ’ ಎಂಬ ಮಾತು ತುಟಿಯವರೆಗೆ ಬಂದು ನಿಂತಿತು. ಅರೆ, ಗಿಳಿಯ ಹೊಟ್ಟೆಯಲ್ಲಿ ತನ್ನ ಮಾತೂ ಇದೆಯೇ! ರೌಂಡಬೌಟಿನಲ್ಲಿ ಕಾದು ಕಾದು ಫೇಲಾದವಳು ತಾನೇ ಅಲ್ಲವೇ?

ಅವಳು ಸೀರೆಯತ್ತ ನೋಡಿದಳು. ಕಣ್ಣು ಮುಚ್ಚಿದಳು.

“ಇಲ್ಲ ಖೈರೂ. ಕೊಡ್ಲಿಕ್ಕಾಗುದಿಲ್ಲ. ನಾಳೆ ತಂಗಿಯ ಮಗುವಿನ ನಾಮಕರಣಕ್ಕೆ ಅಬುಧಾಬಿಗೆ ನಾನೇ ಓಡಿಸ್ತೇನೆ.”

ಸ್ನೇಹ ಮುಗಿದೇ ಹೋಯಿತೆಂದುಕೊಂಡು ಹರಿಣಾಕ್ಷಿ ಒಲೆ ಆರಿಸಿದಳು.

“ಅಲ್‌ಹಮ್ದುಲಿಲ್ಲಾಹ್!” ಎಂದಳು ಖೈರುನ್ನಿಸ. “ಇನ್ನು ಇವರಿಗೂ ‘ಇಲ್ಲ’ ಅಂತ ಹೇಳ್ಲಿಕ್ಕೆ ಧೈರ್ಯ ಬರ್ತದೆ. ಅಕ್ಕಾ, ಹಿಂದಿನ ಸೀಟಲ್ಲಿ ಜಾಗ ಉಂಟಾ? ನನಗೂ ಮಗು ನೋಡ್ಬೇಕು.”

ಹರಿಣಾಕ್ಷಿ ಟಿವಿ ಆರಿಸಿ ಗಂಡನ ಮುಂದೆ ನಿಂತಳು. “ನೀವು ಸಲಾಮನ ಹತ್ರ ಬೇಡಿದ ಕಾರನ್ನು ಖೈರು ನನ್ನ ಹತ್ರ ಬೇಡಿದ್ದಾಳೆ. ಅಂದ್ರೆ ನಮ್ಮದೇ ವಿನೆಗರ್, ಸತ್ವಾ ಸುತ್ತಿ ಮನೆಗೆ ಬಂದಿದೆ. ರೋಷನನಿಗೆ ಫೋನು ಮಾಡಿ.”

ಎಸಿಯ ತಂಪಿನಲ್ಲೂ ಮೋಹನದಾಸ ಬೆವೆತ. “ರೋಷನ್... ಕಾರು... ಅದು ಎಂತದ್ದೆಂದ್ರೆ... ಹರಿಣಾಕ್ಷಿ ಹೇಳ್ತಾಳೆ” ಎಂದು ಫೋನು ಚಾಚಿದ. ಅವಳು ಕೈಕಟ್ಟಿ ನಿಂತಳು. “ಕಾರು... ಸಿಗುದು ಕಷ್ಟ” ಎಂದ ಕೊನೆಗೆ, ಕಹಿ ಮಾತ್ರೆ ನುಂಗಿದವನಂತೆ.

“ಖಲಾಸ್! ಬದುಕಿದೆ ಮಾರಾಯ,” ಎಂದ ರೋಷನ್. “ಅದು ನನಗಲ್ಲ, ನಮ್ಮ ಆಫೀಸಿನ ಲಿಯೊನೆಲ್ ಕೇಳಿದ್ದು. ನನ್ನ ಕಾರಿನ ಎಸಿ ಹಾಳಾಗಿದೆ ಅಂತ ಹೇಳ್ಲಿಕ್ಕೆ ಮರ್ಯಾದೆ ಅಡ್ಡ ಬಂತು. ಅವನಿಗೆ ಟ್ಯಾಕ್ಸಿ ಹಿಡಿ ಅಂತೇನೆ.”

ಶುಕ್ರವಾರ ಬೆಳಿಗ್ಗೆ ಕ್ಲಾಕ್ ಟವರ್ ರೌಂಡಬೌಟಿನ ಬಾಯಲ್ಲಿ ಹರಿಣಾಕ್ಷಿಯ ಕಾರು ನಿಂತಿತು. ಹಿಂದೆ ತಿಂಡಿಯ ಡಬ್ಬ ತೊಡೆಯ ಮೇಲಿಟ್ಟ ಖೈರುನ್ನಿಸ. ಪಕ್ಕದಲ್ಲಿ ಮೋಹನದಾಸ.

“ಅವನು ಹೋಗ್ಲಿ, ಪಾಪ,” ಎಂದ ಅವನು. “ಆ ಬಿಳಿ ವ್ಯಾನೂ ಹೋಗ್ಲಿ. ಅಲ್ಲಿ ದೂರದಲ್ಲಿ ಇನ್ನೊಬ್ಬ ಬರ್ತಾ ಇದ್ದಾನೆ...”

ಹಿಂದಿನಿಂದ ಹಾರನ್ನುಗಳ ಮೇಳ.

“ಅವನು ಬರುವಾಗ ಬರ್ಲಿ. ಈಗ ನಮ್ಮ ಸರದಿ,” ಎಂದು ಹರಿಣಾಕ್ಷಿ ಆಕ್ಸಿಲರೇಟರ್ ಒತ್ತಿದಳು.

“ಯಲ್ಲಾ, ಹೋಗುವ!” ಎಂದು ಖೈರುನ್ನಿಸ ಡಬ್ಬ ಅಪ್ಪಿಕೊಂಡಳು.

ಅಬುಧಾಬಿಯ ದಾರಿ ಹಿಡಿದ ಮೇಲೆ ಯಶ್ಮಿತಾ ಫೋನ್ ಮಾಡಿದಳು. “ಭಾವಾ, ಕಾರು ನೀವೇ ಓಡಿಸುದಲ್ವಾ? ಅಕ್ಕ ಬರೇ ಬಾಯಿಯಲ್ಲಿ ಜೋರು!”

“ಇಲ್ಲ,” ಎಂದ ಮೋಹನದಾಸ.

ಅಷ್ಟು ಸಲೀಸಾಗಿ ಬಂದ ಮಾತಿಗೆ ಅವನೇ ಬೆಚ್ಚಿ, ಅದು ಕಾರಿನೊಳಗೆ ಎಲ್ಲಾದರೂ ಹಾರುತ್ತಿದೆಯೋ ಎಂಬಂತೆ ಸುತ್ತ ನೋಡಿದ.