ಒಂದು ಹೆಜ್ಜೆ ಸರಿದ ರಸ್ತೆ

ಪೊಳಕ್ ಎಂದಿತು ನೆಲ, ಈ ಕೋಲೂ ಬಂತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಚಳಿಗಾಲವೆಲ್ಲ ಹಲ್ಲು ಕಚ್ಚಿ ಹಿಡಿದಿದ್ದ ಮಣ್ಣು ಏಪ್ರಿಲ್ಲಿನ ಬಿಸಿಲಿಗೆ ಇಷ್ಟು ಸಲೀಸಾಗಿ ಬಿಟ್ಟುಕೊಡುತ್ತದಲ್ಲ ಎಂದುಕೊಂಡು ಐಲಿ ಅದನ್ನು ಪ್ಯಾಂಟಿಗೆ ಒರೆಸಿ ಬಲಗಂಕುಳಲ್ಲಿ ಸಿಕ್ಕಿಸಿಕೊಂಡಳು, ಎಡಗಡೆ ಆಗದು, ಎಡಭುಜದ ಮೂಳೆ ಕೂಡಿಕೊಂಡಿದೆ ಅಂತ ಡಾಕ್ಟರಿಗೆ ಗೊತ್ತು, ಮೂಳೆಗೆ ಇನ್ನೂ ಗೊತ್ತಿಲ್ಲ — ಹಿಂದೆ ಟ್ರ್ಯಾಕ್ಟರು ಗುಡುಗುಡು ಅನ್ನುತ್ತಾ ತೆವಳುತ್ತಿದೆ, ಅದರ ಮೇಲೆ ಆರ್ವೊ, ಕಿತ್ತ ಕೋಲುಗಳ ಗಾಡಿ ಎಳೆಯುತ್ತಾ ಶಿಳ್ಳೆ ಹಾಕುತ್ತಿದ್ದಾನೆ, ಇವಳು ನಡೆಯುವುದು ಅವನು ಹಿಂಬಾಲಿಸುವುದು, ಮೊದಲಿನಿಂದಲೂ ಹೀಗೇ, ಅಕ್ಟೋಬರಿನಲ್ಲಿ ನೆಡುವುದು ಏಪ್ರಿಲ್ಲಿನಲ್ಲಿ ಕೀಳುವುದು, ನಡುವಿನ ತಿಂಗಳುಗಳಲ್ಲಿ ಹಿಮ ಬಿದ್ದು ರಸ್ತೆ ಚರಂಡಿ ಹೊಲ ಸರೋವರ ಎಲ್ಲ ಒಂದೇ ಬಿಳಿ ಹಾಸಿಗೆಯಾದಾಗ ಹಿಮ ತಳ್ಳುವ ಲಾರಿಯವರಿಗೆ ಕಾಣುವುದು ಈ ಕೋಲುಗಳೊಂದೇ, ಎರಡು ಬದಿಯಲ್ಲಿ ಎರಡು ಸಾಲು, ತುದಿಗೆ ಹೊಳೆಯುವ ಪಟ್ಟಿ, ಸಾಲುಗಳ ನಡುವೆ ಇರುವುದು ರಸ್ತೆ, ಆಚೆ ಇರುವುದು ದೇವರ ಚಿತ್ತ. ಐಲಿ ಎಡಗಣ್ಣು ಮುಚ್ಚಿದಳು, ಎದುರಿನ ಬರ್ಚ್ ಮರದ ಚಿಗುರು ಕಂಡಿತು, ಬಲಗಣ್ಣು ಮುಚ್ಚಿದಳು, ಆಗಲೂ ಕಂಡಿತು, ಕಂಡಿತೋ, ಇರಬೇಕು ಅಂತ ಗೊತ್ತಿರುವುದರಿಂದ ಕಂಡ ಹಾಗಾಯಿತೋ, ಫೆಬ್ರುವರಿಯಿಂದ ಇದೊಂದು ಚಟ, ಕಾಫಿ ಹುಯ್ಯುವಾಗ ಒಂದು ಕಣ್ಣು, ರೊಟ್ಟಿಗೆ ಬೆಣ್ಣೆ ಸವರುವಾಗ ಇನ್ನೊಂದು ಕಣ್ಣು, ತನ್ನ ಕಣ್ಣನ್ನು ತಾನೇ ಕಟಕಟೆಗೆ ಹತ್ತಿಸುವುದು, ಕಣ್ಣಿನ ಡಾಕ್ಟರು ನಿನ್ನ ವಯಸ್ಸಿಗೆ ಇದು ಹದ್ದಿನ ಕಣ್ಣು ಅಂದರು, ಆದರೆ ಡಾಕ್ಟರಿಗೇನು ಗೊತ್ತು, ಆರ್ವೊ ಹಾಗೆ ಹೇಳಲಿಲ್ಲವಲ್ಲ.

ಆರ್ವೊ ಹೇಳಿದ್ದು ಫೆಬ್ರುವರಿಯಲ್ಲಿ, ಐಲಿ ನಡೆಸುತ್ತಿದ್ದ ಹಿಮದ ಲಾರಿ ಸರೋವರಕ್ಕೆ ಉರುಳಿದ್ದರ ವಿಚಾರಣೆಯಲ್ಲಿ, ಪುರಸಭೆಯ ಕೋಣೆಯಲ್ಲಿ, ಮೇಜು ನೋಡಿಕೊಂಡು. ಹೆಲ್ಸಿಂಕಿಯಿಂದ ಬಂದ ಎಂಜಿನಿಯರ್ ಸುವಿ, ಒಳ್ಳೆಯ ಹುಡುಗಿ, ಮೆತ್ತಗಿನ ಮಾತು, ಐಲಿಯವರೇ, ಯಾರನ್ನೂ ದೂರೋಕೆ ಕೂತಿಲ್ಲ ನಾವು, ಲಾರಿ ಯಾಕೆ ಕೋಲಿನಾಚೆ ಹೋಯ್ತು ಅಂತ ತಿಳ್ಕೋಬೇಕು ಅಷ್ಟೇ, ಅಂದಾಗ ಐಲಿ ಅಂದಿದ್ದಳು, ನಾನು ಕೋಲಿನ ಒಳಗೇ ಇದ್ದೆ ಕಣಮ್ಮ, ಒಳಗೇ ಇದ್ದೆ, ಎಲ್ಲರೂ ಅವಳ ವಯಸ್ಸನ್ನು ನೋಡುತ್ತಿದ್ದರು, ಆಗ ಸುವಿ ಆರ್ವೊನತ್ತ ತಿರುಗಿ, ನೀವು ಜೊತೇಲಿ ಕೆಲಸ ಮಾಡಿದವರು ಅಂದಳು, ಅವನು ಟೋಪಿ ತಿರುಗಿಸುತ್ತಾ, ಅವಳಿಗೆ ಒಂದೆರಡು ವರ್ಷದಿಂದ ಮಬ್ಬಿನಲ್ಲಿ ಸ್ವಲ್ಪ... ಅಂದು ಕಣ್ಣಿನ ಸುತ್ತ ಬೆರಳಾಡಿಸಿದ. ಅಷ್ಟೇ. ಇನ್ಯಾರಾದರೂ ಅಂದಿದ್ದರೆ ಐಲಿ ಮೇಜು ಗುದ್ದಿರುತ್ತಿದ್ದಳು. ಆರ್ವೊ ಅಂದಮೇಲೆ ಇರಬೇಕು, ನನಗೆ ನೋವಾಗದಿರಲಿ ಅಂತ ಇಷ್ಟು ದಿನ ಮುಚ್ಚಿಟ್ಟಿದ್ದನೇನೋ ಪಾಪ ಅಂದುಕೊಂಡು, ಅವನ ಮೇಲೆ ಇವಳಿಗೇ ಕರುಣೆ ಬಂತು, ಎಂಥ ಹುಚ್ಚಿ. ಬರುವ ಚಳಿಗಾಲಕ್ಕೆ ಹೊಸ ಲಾರಿ ಬರುತ್ತದೆ, ಅದಕ್ಕೆ ಪರದೆ ಇದೆ, ಉಪಗ್ರಹ ನೋಡಿಕೊಂಡು ರಸ್ತೆಯ ಅಂಚನ್ನು ಗೆರೆ ಹಾಕಿ ತೋರಿಸುತ್ತದೆ, ರಸ್ತೆಯೊಳಗೆ ಹುಗಿದಿಟ್ಟ ಯಂತ್ರ ಎಲ್ಲಿ ಮಂಜುಗಟ್ಟಿದೆ ಎಲ್ಲಿ ಉಪ್ಪು ಚೆಲ್ಲಬೇಕು ಅಂತ ಹೇಳುತ್ತದೆ, ಒಳ್ಳೆಯದೇ, ನಡೆಸುವುದು ಬೇರೆ ಯಾರೋ, ಐಲಿ ಕೆಲಸ ಬಿಡುತ್ತಾಳೆ, ಇವತ್ತು ಸಂಜೆ ಲಾರಿ ಡಿಪೊಗೆ ಹೋಗಿ ಅಲ್ಲಿನ ಕೀಲಿ ಕೊಟ್ಟುಬಿಡುವುದು, ಕೀಲಿ ಜೇಬಿನಲ್ಲೇ ಇದೆ, ನಡೆದಾಗಲೆಲ್ಲ ತೊಡೆಗೆ ಚುಚ್ಚುತ್ತಿದೆ, ಇರುವೆ ಹಾಗೆ.

ಪೊಳಕ್. ಇನ್ನೊಂದು. ಬುಡದಲ್ಲಿ ಆ ಗುರುತು, ಅರ್ಧಚಂದ್ರ, ನೋಡಿದರೆ ನಗು ಬರುತ್ತದೆ, ಅಕ್ಟೋಬರಿನ ಹಸಿ ಜೇಡಿಯಲ್ಲಿ ಒತ್ತಿದ್ದು ಹೆಪ್ಪುಗಟ್ಟಿ ಹಿಮದಡಿ ಹಾಗೇ ಮಲಗಿತ್ತು, ಆರ್ವೊನ ಹಿಮ್ಮಡಿಯದು, ಅವನ ಬೂಟಿಗೆ ಹಳೇ ಕಾಲದ ಕಬ್ಬಿಣದ ಲಾಳ. ನೆಡುವ ಕ್ರಮವೇ ಹಾಗೆ, ಐಲಿ ಡಾಂಬರಿನ ಅಂಚಿಗೆ ಹಿಮ್ಮಡಿ ತಾಗಿಸಿ ಒಂದು ಬೂಟು, ಅದರ ಮುಂದೆ ಇನ್ನೊಂದು ಬೂಟು, ಹೂಂ ಇಲ್ಲಿ ಅನ್ನುವುದು, ಅವನು ಹಾರೆಯಿಂದ ಕುಳಿ ಹೊಡೆದು ಕೋಲು ಇಳಿಸುವುದು, ಬುಡಕ್ಕೆ ಹಿಮ್ಮಡಿ ಊರಿ ಅರ್ಧ ಸುತ್ತು ತಿರುಗುವುದು, ಮಗು ಮಲಗ್ತು ನೋಡೇ, ಇನ್ನು ಕರಡಿ ಏಳೋವರೆಗೂ ಏಳಲ್ಲ, ಪ್ರತಿ ಕೋಲಿಗೂ ಅದೇ ಮಾತು, ಸಾಕು ನಿಲ್ಸೋ ಮುದುಕ, ನಿನ್ನ ಜೋಗುಳ ಕೇಳಿ ಕೋಲಿಗೂ ಬೇಜಾರಾಗಿದೆ, ಅನ್ನುತ್ತಿದ್ದಳು. ಮನೆಬಾಗಿಲಿಗೆ ಹಿಮದ ಬದು ಬಿತ್ತು ಅಂತ ಜನ ಡಿಪೊಗೆ ಫೋನು ಮಾಡಿ ಅತ್ತರೆ, ಹಿಮ ಬೇಡಾಂದ್ರೆ ಮೋಡಕ್ಕೆ ಫೋನ್ ಮಾಡ್ರೀ, ನಮಗ್ಯಾಕೆ, ಅಂದು ಫೋನು ಕುಕ್ಕುತ್ತಿದ್ದವನೂ ಅವನೇ, ಲಾರಿ ರಸ್ತೆ ಗುಡಿಸಿದರೆ ಬದು ಯಾರದಾದರೂ ಬಾಗಿಲಿಗೆ ಬೀಳಲೇಬೇಕು, ಸಲಿಕೆ ಹಿಡಿದು ಎತ್ತಿಹಾಕಿಕೊಳ್ಳಬೇಕು, ಬೈಯಬೇಕು, ಸೌನಾಕ್ಕೆ ಹೋಗಿ ಬಿಸಿ ಹಬೆಯಲ್ಲಿ ಬೆನ್ನು ಕಾಯಿಸಿಕೊಳ್ಳಬೇಕು, ಊರಿದ್ದ ಮೇಲೆ ಇದು ಇದ್ದದ್ದೇ. ಹೋದ ಶರತ್ಕಾಲದಲ್ಲಿ ಅವನ ಸೊಂಟ ಹಿಡಿದುಕೊಂಡಾಗ, ಬದು ಎತ್ತೋಕಾಗಲ್ಲ, ನಮ್ಮ ಬಾಗಿಲ ಹತ್ರ ಲಾರಿ ಅಲಗು ಒಂಚೂರು ಎತ್ತೇ ಐಲಿ, ಅಂದಿದ್ದ, ನಗುನಗುತ್ತಲೇ ಅಂದಿದ್ದ, ಇವಳೂ ನಗುತ್ತಲೇ, ಊರಿಗೊಂದು ನ್ಯಾಯ ಆರ್ವೊಗೊಂದು ನ್ಯಾಯ ಇಲ್ಲಪ್ಪ, ಅಂದಿದ್ದಳು, ಅಲ್ಲಿಗೆ ಮುಗಿದಿತ್ತು.

ತಿರುವು ಬಂತು. ಎಡಕ್ಕೆ ಆರ್ವೊನ ಕೆಂಪು ಮನೆ, ಗೇಟು, ಬಲಕ್ಕೆ ಇಳಿಜಾರು, ಕೆಳಗೆ ಸರೋವರ, ಮಂಜುಗಡ್ಡೆ ಕಪ್ಪಾಗಿ ಅಂಚು ಬಿಟ್ಟಿದೆ — ಅವತ್ತು ಬೆಳಗ್ಗೆ ಎಲ್ಲ ಬಿಳಿ, ಎರಡು ದಿನ ಅಕಾಲದ ಮಳೆ ಬಂದು ಅಂಚಿನ ಮಣ್ಣು ಮೆತ್ತಗಾಗಿತ್ತು, ಮೇಲೆ ಹೊಸ ಹಿಮ, ಗಾಳಿ, ಕೋಲು ಕಂಡಿತು, ಇನ್ನೊಂದು ಕೋಲು ಕಂಡಿತು, ಅವುಗಳ ಒಳಗೇ ಹೋಗುತ್ತಿದ್ದಳು, ಲಾರಿಯ ಬಲಗಡೆ ಗಾಲಿಗಳ ಕೆಳಗೆ ಇದ್ದಕ್ಕಿದ್ದ ಹಾಗೆ ಏನೂ ಇಲ್ಲ, ಲಾರಿ ಅವಸರವಿಲ್ಲದೆ ಮಲಗಿತು, ಹಸು ಮಲಗುವ ಹಾಗೆ, ಮಂಜುಗಡ್ಡೆ ಒಡೆದ ಸದ್ದು, ಭುಜದ ಸದ್ದು, ಮೊಣಕಾಲಿಗೆ ನೀರು, ಕಿಟಕಿಯಲ್ಲಿ ಆಗಲೇ ಆರ್ವೊನ ಮುಖ, ಕಾಲಿಗೆ ಚಪ್ಪಲಿಯೂ ಇಲ್ಲ, ಬರೀ ಕಾಲುಚೀಲ, ಅಳುತ್ತಾ ಎಳೆಯುತ್ತಿದ್ದಾನೆ, ಬಾರೇ, ಬಾರೇ ನನ್ನವ್ವ, ಕೈ ಕೊಡೇ. ಹಾರ್ನು ಒತ್ತುವುದಕ್ಕೂ ಮೊದಲೇ ಹೇಗೆ ಬಂದಿದ್ದ? ಕಿಟಕೀಲಿ ನೋಡ್ತಾ ನಿಂತಿದ್ದೆ ಕಣೇ, ಅಂದಿದ್ದ ಆಮೇಲೆ ಆಸ್ಪತ್ರೆಯಲ್ಲಿ. ಏನು ನೋಡುತ್ತಿದ್ದ? ಉಳಿದ ಚಳಿಗಾಲವೆಲ್ಲ ಈ ರಸ್ತೆಗೆ ಬೇರೆ ಯಾರನ್ನೂ ಬಿಡದೆ ಬಾಡಿಗೆ ಲಾರಿಯಲ್ಲಿ ತಾನೇ ಹಿಮ ತಳ್ಳಿದ, ಸೊಂಟ ನೋವಿಟ್ಟುಕೊಂಡು, ಐಲಿಗೋಸ್ಕರ ಮಾಡ್ತಿದಾನೆ ಅಂತ ಊರೆಲ್ಲ ಹೊಗಳಿತು, ಐಲಿಯೂ ಹೊಗಳಿದಳು.

ಐಲೀ, ಹಿಂದಿನಿಂದ ಕೂಗಿದ, ಅಲ್ಲಿಗೆ ಸಾಕು ಬಿಡೇ, ನಮ್ಮನೆ ಮುಂದಿಂದು ನಾನೇ ನಾಳೆ ಕಿತ್ಕೋತೀನಿ, ಏಲಕ್ಕಿ ಬನ್ನು ಮಾಡಿದೀನಿ, ಬಿಸಿ ಇದ್ದಾಗಲೇ ತಿನ್ನು ಬಾ. ನಾಲ್ಕಾರು ಕೋಲು ಕಣೋ, ಬಂದ ಕೈಯಲ್ಲೇ ಆಗ್ಹೋಗ್ಲಿ. ಭುಜ ನೋಯುತ್ತೆ ನಿಂಗೆ. ಭುಜ ನಂದು ತಾನೇ? ಮೈ ಎಲ್ಲ ಹಟ ನಿಂದು, ಬಾರೇ ಅಂದ್ರೆ! ಪೊಳಕ್, ಸರೋವರದ ಬದಿಯ ಕೋಲು ಬಂತು, ಅರ್ಧಚಂದ್ರವೂ ಇತ್ತು, ಸರಿ, ಬಲಗಂಕುಳಲ್ಲಿ ಸಿಕ್ಕಿಸಿ ತಿರುಗಬೇಕು, ಕಾಲು ಅಭ್ಯಾಸದಲ್ಲಿ ಡಾಂಬರಿನ ಅಂಚಿನ ಕಡೆ ಅಳೆಯಿತು, ಒಂದು ಬೂಟು, ಎರಡು ಬೂಟು, ಅಂಚು ಬರಲಿಲ್ಲ, ಇನ್ನೊಂದು, ಮತ್ತೊಂದು, ಆಗ ಬಂತು. ಕಣ್ಣು ಸರಿಯಿಲ್ಲ. ಎಡಗಣ್ಣು ಮುಚ್ಚಿದಳು. ಬಲಗಣ್ಣು ಮುಚ್ಚಿದಳು. ಕಾಲಿಗೆ ಕಣ್ಣಿಲ್ಲವಲ್ಲ, ಕಾಲು ಯಾಕೆ ತಪ್ಪುತ್ತದೆ, ಬಗ್ಗಿ ನೋಡಿದಳು, ಅಂಚಿನಿಂದ ಎರಡು ಬೂಟಿನ ದೂರದಲ್ಲಿ ಒಂದು ಕುಳಿ, ಕೋಲಿಲ್ಲದ ಕುಳಿ, ನೀರು ತುಂಬಿದೆ, ಅದರ ಬುಡಕ್ಕೂ ಒಂದು ಅರ್ಧಚಂದ್ರ. ಮುಂದಿನ ಕೋಲಿಗೂ ಹಾಗೇ, ಹಳೇ ಕುಳಿ ಇಲ್ಲಿ, ಕೋಲು ಒಂದು ಹೆಜ್ಜೆ ಆಚೆ, ಸರೋವರದ ಕಡೆಗೆ. ರಸ್ತೆ ದಾಟಿ ಗೇಟಿನ ಬದಿಗೆ ಓಡಿದಳು, ಅಲ್ಲಿಯೂ ಎರಡೆರಡು ಕುಳಿ, ಕೋಲು ಗೇಟು ಬಿಟ್ಟು ಒಂದು ಹೆಜ್ಜೆ ಈಚೆ, ಡಾಂಬರನ್ನೇ ಮುಟ್ಟುವ ಹಾಗೆ. ಎರಡು ಸಾಲೂ ಸರಿದಿವೆ, ನಡುವಿನ ಅಗಲ ಅಷ್ಟೇ ಇದೆ, ರಸ್ತೆಗೆ ರಸ್ತೆಯೇ ಗೇಟಿನಿಂದ ದೂರ ಒಂದು ಹೆಜ್ಜೆ ಹೊರಳಿ ಮಲಗಿದೆ, ಬದು ಗೇಟಿಗೆ ಬೀಳದಿರಲಿ ಅಂತ, ಬೇರೆ ಯಾವನಾದರೂ ಆಗಿದ್ದರೆ ಒಂದೇ ಬದಿಯವನ್ನು ಕಿತ್ತು ನೆಡುತ್ತಿದ್ದ, ರಸ್ತೆ ಇಕ್ಕಟ್ಟಾಯಿತಲ್ಲ ಅಂತ ಐಲಿಗೆ ಮೊದಲ ಹಿಮಕ್ಕೇ ಗೊತ್ತಾಗುತ್ತಿತ್ತು, ಐಲಿಗೆ ಗೊತ್ತಾಗದ ಹಾಗೆ ಸರಿಸಲು ಐಲಿ ಹೇಗೆ ನೋಡುತ್ತಾಳೆ ಅಂತ ಗೊತ್ತಿರಬೇಕು, ಅದು ಗೊತ್ತಿದ್ದವನು ಒಬ್ಬನೇ, ನೆಲ ಹೆಪ್ಪುಗಟ್ಟುವ ಮೊದಲು ಒಬ್ಬನೇ ಬಂದು, ಹಾರೆ ತಂದು, ಕುಳಿ ಹೊಡೆದು, ಇಂಥ ಕೆಲಸದಲ್ಲೂ ಅಭ್ಯಾಸ ಬಿಡದೆ ಪ್ರತಿ ಮಗುವನ್ನೂ ಮಲಗಿಸಿದ್ದಾನೆ. ಇನ್ನೊಂದು ಸಲ ಕೇಳಿದ್ದರೆ, ನಗದೆ ಒಂದೇ ಒಂದು ಸಲ ಕೇಳಿದ್ದರೆ, ಸಲಿಕೆ ಹಿಡಿದು ಅವನ ಬಾಗಿಲನ್ನು ನಾನೇ ಗುಡಿಸಿಕೊಟ್ಟು ಕೆಲಸಕ್ಕೆ ಹೋಗುತ್ತಿದ್ದೆನಲ್ಲ. ಸರೋವರಕ್ಕೆ ಬಿದ್ದದ್ದು ಹೋಗಲಿ, ಅವನೂ ಅದನ್ನು ಬಯಸಿರಲಿಲ್ಲ, ಅತ್ತದ್ದು ಸುಳ್ಳಲ್ಲ, ಆದರೆ ಆ ಕೋಣೆಯಲ್ಲಿ ಕಣ್ಣಿನ ಸುತ್ತ ಆಡಿಸಿದ ಆ ಬೆರಳು.

ಸರೋವರದ ಬದಿಗೆ ವಾಪಸು ಬಂದು ಕಂಕುಳಿನ ಕೋಲು ತೆಗೆದು ಹಳೇ ಕುಳಿಗೆ ಇಳಿಸಿದಳು, ಒರೆಗೆ ಕತ್ತಿ ಹೋದ ಹಾಗೆ ಹೋಯಿತು, ನಿಂತಿತು. ಏನೇ ಅದು, ಕೀಳೋ ಕಾಲದಲ್ಲಿ ನೆಡ್ತಿದೀಯಲ್ಲ, ಅನ್ನುತ್ತಿದ್ದ ಆರ್ವೊನ ದನಿ ಅರ್ಧಕ್ಕೆ ನಿಂತಿತು, ಟ್ರ್ಯಾಕ್ಟರಿನ ಸದ್ದೂ ನಿಂತಿತು, ಒಂದೇ ಹೆಜ್ಜೆ ಕಣೇ ಐಲಿ, ಒಂದೇ ಒಂದು ಹೆಜ್ಜೆ, ಅಂದ, ಇವಳು ತಿರುಗಲಿಲ್ಲ, ಜೇಬಿನಲ್ಲಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಳು, ಇದನ್ನು ಇವತ್ತು ಕೊಡುವುದಿಲ್ಲ, ಬನ್ನಿನ ವಾಸನೆ ಬರುತ್ತಿದೆ, ಎಡಗಣ್ಣು ಮುಚ್ಚಿದಳು, ಅರ್ಧಚಂದ್ರ, ಬಲಗಣ್ಣು ಮುಚ್ಚಿದಳು, ಅರ್ಧಚಂದ್ರ, ಲಾಳದ ಅಂಚು, ಲಾಳ ಹೊಡೆದ ಮೊಳೆಗಳ ತಲೆ ಸಹ ಬಿಡಿಬಿಡಿಯಾಗಿ, ಎಷ್ಟು ನಿಚ್ಚಳ, ಎರಡೂ ಕಣ್ಣು ಬಿಟ್ಟು ನೋಡಿದಳು, ಅರ್ಧಚಂದ್ರ —